ರದ್ದಿ ಅಂಗಡಿಗೆ ಹೋದ ನಮ್ಮೂರು



ಹೋದ ಸಂಚಿಕೆಯಲ್ಲಿ ನಮ್ಮ ಕಾರ್ಯಕಾರಿ ಸಮಿತಿಯವರು ಒಂದು ಪ್ರಶ್ನೆ ಕೇಳಿದ್ದರು, ನೆನಪಿದೆ ತಾನೆ? ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವ ಎಲ್ಲ ಮುಗಿದ ಮೇಲೂ ಸಂಘದ ಖಾತೆಯಲ್ಲಿ ಒಂದಿಷ್ಟು ದುಡ್ಡು ಉಳಿದಿದೆ, ಅದನ್ನು ಏನು ಮಾಡೋಣ, ಸದಸ್ಯರು ಸಲಹೆ ಕೊಡಿ ಅಂತ. ಬಂದ ಸಲಹೆಗಳನ್ನು ಕಾರ್ಯದರ್ಶಿಗಳು ನನಗೂ ಕಳಿಸಿದ್ದರು. ಊರಿನಿಂದ ಇನ್ನೊಬ್ಬ ಗಾಯಕರನ್ನು ಕರೆಸೋಣ ಅಂದವರು ಹೆಚ್ಚು. ಒಳ್ಳೆಯ ಸೌಂಡ್ ಸಿಸ್ಟಂ ತಗೊಳ್ಳೋಣ ಅಂದವರು ಕೆಲವರು. ಇಬ್ಬರು ಮಾತ್ರ "ಊಟದ ಕ್ವಾಲಿಟಿ ಸುಧಾರಿಸಿ" ಎಂದು ಬರೆದಿದ್ದಾರೆ. ಅವರ ಜೊತೆ ನನ್ನ ಪೂರ್ಣ ಸಹಮತವಿದೆ!

ನನ್ನದು ಬೇರೆಯೇ ಒಂದು ಸಲಹೆ. ಕೇಳಿದರೆ ನಿಮಗೆ ನಗು ಬರಬಹುದು. ಆ ದುಡ್ಡಿನಲ್ಲಿ ಊರಿನ ಹಳೆಯ ಪೇಪರ್ ಸ್ಕ್ಯಾನ್ ಮಾಡಿಸೋಣ. ಪ್ರಜಾವಾಣಿ, ಕನ್ನಡಪ್ರಭ, ಉದಯವಾಣಿಯಂಥ ದೊಡ್ಡ ಪತ್ರಿಕೆಗಳಲ್ಲ. ಅವುಗಳನ್ನು ನೋಡಿಕೊಳ್ಳಲು ಅವುಗಳ ಮಾಲೀಕರಿದ್ದಾರೆ. ನಾನು ಹೇಳುತ್ತಿರುವುದು ನಮ್ಮ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ವಾರಕ್ಕೊಮ್ಮೆ ನಾಲ್ಕು ಪುಟ ಅಚ್ಚಾಗುತ್ತಿದ್ದ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಚೆಲ್ಲಿಸಿಕೊಂಡು ಬಿದ್ದಿರುತ್ತಿದ್ದ ಆ ಸಣ್ಣ ಪತ್ರಿಕೆಗಳ ವಿಷಯ.

ಯಾಕೆ ಅಂತ ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರ. ಅಪ್ಪ ಹೈಸ್ಕೂಲು ಮೇಷ್ಟ್ರು. ಪಾಠದ ಜೊತೆಗೆ ಅವರಿಗೆ ಇನ್ನೊಂದು ಹುಚ್ಚು ಇತ್ತು. ಊರಿನ ಒಂದು ವಾರಪತ್ರಿಕೆಗೆ ಸುದ್ದಿ ಬರೆದು ಕೊಡುವುದು. ಸಂಬಳವಿಲ್ಲ, ಹೆಸರೂ ಇಲ್ಲ. "ನಮ್ಮ ಬಾತ್ಮೀದಾರರಿಂದ" ಅಂತ ಒಂದು ಸಾಲು, ಅಷ್ಟೆ. ಪ್ರತಿ ವಾರದ ಸಂಚಿಕೆಯನ್ನು ಮಡಚಿ, ವರ್ಷದ ಕೊನೆಗೆ ಸೆಣಬಿನ ದಾರ ಕಟ್ಟಿ ಅಟ್ಟಕ್ಕೆ ಏರಿಸುತ್ತಿದ್ದರು. ಅಮ್ಮ ಬೈಯುವುದು, ಅಪ್ಪ ಕೇಳಿಸದವರಂತೆ ಇರುವುದು, ಇದು ನಮ್ಮ ಮನೆಯ ವಾರ್ಷಿಕ ಕಾರ್ಯಕ್ರಮ.

ಅಪ್ಪ 2005ರಲ್ಲಿ ತೀರಿಕೊಂಡರು. ಮರುವರ್ಷ ಮೂರು ವಾರದ ರಜೆಯಲ್ಲಿ ಊರಿಗೆ ಹೋದಾಗ ಮನೆ ರಿಪೇರಿಗೆಂದು ಅಟ್ಟ ಖಾಲಿ ಮಾಡಿಸಿದೆ. ನಿಮಗೆ ಗೊತ್ತಲ್ಲ, ರಜೆಗೆ ಹೋದ ನಮ್ಮಂಥವರಿಗೆ ಎಲ್ಲದಕ್ಕೂ ಅವಸರ. ಬ್ಯಾಂಕು, ದಂತವೈದ್ಯರು, ನೆಂಟರ ಮನೆ, ಕೊನೆಗೆ ಅಟ್ಟ. ಹದಿನಾರು ಕಟ್ಟು ಇಳಿದವು. ರದ್ದಿಯವನು ತೂಗಿದ. 42 ಕೆ.ಜಿ., ಕೆ.ಜಿ.ಗೆ 5 ರೂಪಾಯಿಯಂತೆ 210 ರೂಪಾಯಿ. ಆ ದುಡ್ಡಿಗೆ ಕಾಫಿ ಪುಡಿ ಕೊಂಡು ಮೆಲ್ಬರ್ನ್‌ಗೆ ಹೊತ್ತು ತಂದೆ. ಒಂದು ಕಟ್ಟನ್ನೂ ಬಿಚ್ಚಿ ನೋಡಲಿಲ್ಲ.

ಇದು ತಪ್ಪು ಎಂದು ಗೊತ್ತಾಗಲು ಆರು ವರ್ಷ ಬೇಕಾಯಿತು. ಗೊತ್ತು ಮಾಡಿಸಿದ್ದು ನಮ್ಮ ಪಕ್ಕದ ಮನೆಯ ಆಸ್ಟ್ರೇಲಿಯನ್ ಅಜ್ಜ. ಅವರು ಇಲ್ಲಿಯ ಸ್ಥಳೀಯ ಇತಿಹಾಸ ಸಂಘದಲ್ಲಿ ಕೆಲಸ ಮಾಡುತ್ತಿದ್ದರು. ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಬಂದು, "ನಿಮ್ಮ ಮನೆ ಇರುವ ಜಾಗದಲ್ಲಿ ನೂರು ವರ್ಷದ ಹಿಂದೆ ಏನಿತ್ತು ತೋರಿಸುತ್ತೇನೆ ಬನ್ನಿ" ಅಂದರು. ಟ್ರೋವ್ ಎಂಬ ತಾಣ ತೆರೆದು ನಮ್ಮ ಬೀದಿಯ ಹೆಸರು ಟೈಪ್ ಮಾಡಿದರು. ಹಾಲಿನ ಡೈರಿ, ಅದರ ಮಾಲೀಕ ಕುದುರೆಯಿಂದ ಬಿದ್ದದ್ದು, ಮಗಳ ಮದುವೆ, ಆಸ್ತಿ ಹರಾಜು, ಎಲ್ಲ ಒಂದೊಂದಾಗಿ ಬಂದವು. ಪಕ್ಕದಲ್ಲಿ ಕೂತಿದ್ದ ನನ್ನ ಮಗಳು, ಆಗ ಅವಳಿಗೆ ಹತ್ತು ವರ್ಷ, ಥಟ್ಟನೆ ಕೇಳಿದಳು: "ಅಪ್ಪಾ, ನಿಮ್ಮೂರಿಂದೂ ತೋರಿಸಿ!"

ನಾನು ಏನು ತೋರಿಸಲಿ? ಕಾಫಿ ಪುಡಿ ಖಾಲಿಯಾಗಿ ಆರು ವರ್ಷವಾಗಿತ್ತು.

ಟ್ರೋವ್ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕ್ಯಾನ್‌ಬೆರಾದ ನ್ಯಾಷನಲ್ ಲೈಬ್ರರಿ ನಡೆಸುವ ತಾಣ. ಹಳೆಯ ಪತ್ರಿಕೆಗಳ ಮೈಕ್ರೋಫಿಲ್ಮುಗಳನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಿಂದ ಅಕ್ಷರ ಓದಿಸಿ, ಯಾರು ಬೇಕಾದರೂ ಪುಕ್ಕಟೆಯಾಗಿ ಹುಡುಕುವಂತೆ ಇಟ್ಟಿದ್ದಾರೆ. 1803ರಲ್ಲಿ ಶುರುವಾದ, ಈ ದೇಶದ ಮೊದಲ ಪತ್ರಿಕೆ ಸಿಡ್ನಿ ಗೆಜೆಟ್‌ನಿಂದ ಹಿಡಿದು ಸಣ್ಣಪುಟ್ಟ ಗಣಿ ಊರುಗಳ ಪತ್ರಿಕೆಗಳವರೆಗೆ ಎಲ್ಲವೂ ಅಲ್ಲಿವೆ. ಕುತೂಹಲಕ್ಕೆ "ಮೈಸೂರು" ಎಂದು ಇಂಗ್ಲಿಷಿನಲ್ಲಿ ಹುಡುಕಿ ನೋಡಿ. ಕೋಲಾರದ ಚಿನ್ನದ ಗಣಿಯ ಸುದ್ದಿಗಳು ಬರುತ್ತವೆ. ಚಿನ್ನ ಅಗೆಯುತ್ತಿದ್ದ ವಿಕ್ಟೋರಿಯಾದ ಜನಕ್ಕೆ ಕೋಲಾರದ ಚಿನ್ನದ ಮೇಲೆ ಒಂದು ಕಣ್ಣು ಇದ್ದೇ ಇತ್ತು! ಅಂದರೆ, ನಮ್ಮ ಕೋಲಾರದ ಸುದ್ದಿಯನ್ನು ಮೆಲ್ಬರ್ನಿನ ಪತ್ರಿಕೆಯಲ್ಲಿ ಮನೆಯಲ್ಲೇ ಕೂತು ಓದಬಹುದು. ಕೋಲಾರದ ಕನ್ನಡ ಪತ್ರಿಕೆಯಲ್ಲಿ ಓದುವುದಕ್ಕೆ ಹಾಗೆ ದಾರಿಯಿಲ್ಲ. ಇದು ಎಂಥ ವಿಚಿತ್ರ ನೋಡಿ.

ಇದು ಆಸ್ಟ್ರೇಲಿಯಾದ ಮಾತಷ್ಟೇ ಅಲ್ಲ. ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್ 2001ರಿಂದ ಇದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2007ರಲ್ಲಿ ಶುರು ಮಾಡಿದ ಕ್ರಾನಿಕ್ಲಿಂಗ್ ಅಮೆರಿಕ ಸಂಗ್ರಹ 2 ಕೋಟಿ ಪುಟ ದಾಟಿದೆ. ಸಿಂಗಪುರದವರು 2009ರಿಂದ ತಮ್ಮ ಹಳೆಯ ಪತ್ರಿಕೆಗಳನ್ನು ಹೀಗೆಯೇ ತೆರೆದಿಟ್ಟಿದ್ದಾರೆ. ನಾವಿರುವ ದೇಶಗಳೆಲ್ಲ ಮಾಡಿಕೊಂಡ ಕೆಲಸವನ್ನು ನಾವು ಬಿಟ್ಟು ಬಂದ ಊರುಗಳಿಗೆ ಮಾಡಿಕೊಟ್ಟವರು ಬಹಳ ಕಡಿಮೆ.

"ನಮ್ಮಲ್ಲಿ ಅಂಥ ಪತ್ರಿಕೆಗಳು ಎಲ್ಲಿದ್ದವು?" ಎಂದು ಸಂಘದ ಮಿತ್ರರೊಬ್ಬರು ಕೇಳಿದರು. ಇದ್ದವು ಸ್ವಾಮಿ, ಧಾರಾಳವಾಗಿ ಇದ್ದವು. ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದೇ ಒಂದು ಊರಿನ ಹೆಸರಿನಲ್ಲಿ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ'. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಅದಕ್ಕೇ ಇವತ್ತಿಗೂ ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುತ್ತಾರೆ. ಆಮೇಲೆ ಮೈಸೂರು, ಧಾರವಾಡ, ಬೆಳಗಾವಿ, ವಿಜಾಪುರ, ಉಡುಪಿ, ಎಲ್ಲಿ ಒಂದು ಅಚ್ಚುಕೂಟವಿತ್ತೋ ಅಲ್ಲೊಂದು ಪತ್ರಿಕೆ. ಮೈಸೂರಿನಲ್ಲಿ 'ತಾತಯ್ಯ' ಎಂದೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ನಡೆಸಿದ ಪತ್ರಿಕೆಗಳು ಸರ್ಕಾರಕ್ಕೆ ಎಷ್ಟು ಮುಜುಗರ ತಂದವೆಂದರೆ 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕೆಗಳ ಬಾಯಿ ಕಟ್ಟಲು ಒಂದು ಕಾನೂನನ್ನೇ ತಂದಿತು. ಮಂಗಳೂರಿನ 'ರಾಷ್ಟ್ರಬಂಧು'ವಿಗೆ ಕವಿ ಕಡೆಂಗೋಡ್ಲು ಶಂಕರಭಟ್ಟರು ಸಂಪಾದಕರಾಗಿದ್ದರು.

ಇನ್ನು ನಮ್ಮ ಸಾಗರದ ವಿಷಯಕ್ಕೆ ಬರುತ್ತೇನೆ. 1951ರ ಕಾಗೋಡು ಸತ್ಯಾಗ್ರಹ ನೀವೆಲ್ಲ ಕೇಳಿರುತ್ತೀರಿ. ಗೇಣಿ ಅಳೆಯುವ ಕೊಳಗದ ಅಳತೆಯ ತಕರಾರಿನಿಂದ ಹೊತ್ತಿಕೊಂಡ ಹೋರಾಟ. ಎಚ್. ಗಣಪತಿಯಪ್ಪ, ಗೋಪಾಲಗೌಡರು ಅದರಲ್ಲಿದ್ದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಜಾರಿಗೆ ಬಂದ ಭೂಸುಧಾರಣೆಯ ಬೇರು ಅಲ್ಲಿದೆ ಎನ್ನುತ್ತಾರೆ. ಲೋಹಿಯಾ ಹೆಸರು ಪುಸ್ತಕಗಳಲ್ಲಿದೆ. ಆದರೆ ದಿನಾ ಬೆಳಗ್ಗೆ ಗದ್ದೆಗಿಳಿದು ಲಾರಿ ಹತ್ತಿ ಜೈಲಿಗೆ ಹೋದ ಗೇಣಿದಾರರು, ಮನೆಯಲ್ಲಿ ಉಳಿದು ಗಂಜಿ ಬೇಯಿಸಿದ ಹೆಂಗಸರು, ಅವರ ಹೆಸರು ಯಾವ ಪುಸ್ತಕದಲ್ಲಿದೆ? ಅಂಥ ಹೆಸರುಗಳು ಬರುವುದಿದ್ದರೆ ಊರಿನ ಪತ್ರಿಕೆಯಲ್ಲೇ ಬರಬೇಕು.

ಆಮೇಲಿನದು ಮುಳುಗಡೆ. ಶರಾವತಿಗೆ 1948ರ ಹೊತ್ತಿಗೆ ಹಿರೇಭಾಸ್ಕರ ಅಣೆಕಟ್ಟು ಆಗಿತ್ತು. 1964ರಲ್ಲಿ ಲಿಂಗನಮಕ್ಕಿ. ಬೆಂಗಳೂರಿನ ದೀಪ ಹತ್ತಲೆಂದು ನಮ್ಮ ಕಡೆಯ ಹಳ್ಳಿಗಳು ಸಾಲಾಗಿ ನೀರಿಗಿಳಿದವು. ನಮ್ಮ ಅಮ್ಮನ ತವರೂರು ಅದರಲ್ಲಿ ಒಂದು. ಶರಾವತಿ ಯೋಜನೆಯಲ್ಲೇ ಕೆಲಸ ಮಾಡಿದ್ದ ನಾ. ಡಿಸೋಜ ಅವರು ಈ ನೋವನ್ನು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಬರೆದರು; 2002ರಲ್ಲಿ ಗಿರೀಶ್ ಕಾಸರವಳ್ಳಿ 'ದ್ವೀಪ'ವನ್ನು ಸಿನಿಮಾ ಮಾಡಿದರು. ಡಿಸೋಜ ಅವರು 2025ರ ಜನವರಿಯಲ್ಲಿ ನಮ್ಮನ್ನು ಅಗಲಿದರು. ಅವರ ಪುಣ್ಯದಿಂದ ಕಥೆ ಉಳಿದಿದೆ. ಆದರೆ ಸುದ್ದಿ? ಯಾವ ವಾರ ಯಾವ ಊರು ಖಾಲಿಯಾಯಿತು, ಯಾರು ಎಲ್ಲಿಗೆ ಹೋದರು, ಪರಿಹಾರ ಎಷ್ಟು ಬಂತು, ಎಷ್ಟು ಬರಲಿಲ್ಲ? ಅಂದು ಜಾಗ ಬಿಟ್ಟು ಎದ್ದವರ ಮೊಮ್ಮಕ್ಕಳು ಇವತ್ತಿಗೂ ತಾವು ಕೂತ ನೆಲದ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಅವರಿಗೆ ಹಳೆಯ ಪತ್ರಿಕೆ ಎಂದರೆ ಬರೀ ನೆನಪಲ್ಲ, ನಾವು ಇಂಥಲ್ಲಿಂದ ಬಂದವರು ಎಂದು ತೋರಿಸುವ ಒಂದು ಕಾಗದ.

2025ರ ಜುಲೈಯಲ್ಲಿ ಸಿಗಂದೂರಿನ ಹಾದಿಯಲ್ಲಿ ಶರಾವತಿ ಹಿನ್ನೀರಿಗೆ ಸೇತುವೆ ಆಯಿತಲ್ಲ, ಆ ದಿನ ನನ್ನ ಫೋನಿಗೆ ನಲವತ್ತು ವಿಡಿಯೋ ಬಂದವು. ಸೇತುವೆಯ ಪ್ರತಿ ಕಂಬಕ್ಕೂ ಫೋಟೋ ಇದೆ. ಆ ಹಿನ್ನೀರು ಬಂದ ದಿನಕ್ಕೆ ಇದ್ದದ್ದು ಊರಿನ ವಾರಪತ್ರಿಕೆಯ ಒಂದು ಪ್ಯಾರಾ ಮಾತ್ರ. ಅದನ್ನು ನಾನು ಕೆ.ಜಿ.ಗೆ 5 ರೂಪಾಯಿಯಂತೆ ಮಾರಿದ್ದೆ.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನಿ. 2019ರಲ್ಲಿ ಊರಿಗೆ ಹೋದಾಗ ಆ ಪತ್ರಿಕೆ ಅಚ್ಚಾಗುತ್ತಿದ್ದ ಪ್ರೆಸ್ಸನ್ನು ಹುಡುಕಿಕೊಂಡು ಹೋದೆ. ಸಂಪಾದಕರು ತೀರಿಹೋಗಿ ಎಷ್ಟೋ ಕಾಲ. ಅವರ ಮಗ ಅಲ್ಲಿ ಈಗ ಫ್ಲೆಕ್ಸ್ ಬ್ಯಾನರ್ ಮತ್ತು ಲಗ್ನಪತ್ರಿಕೆ ಮಾಡುತ್ತಾರೆ. "ಮೇಷ್ಟ್ರ ಮಗನಾ? ಬನ್ನಿ ಬನ್ನಿ" ಎಂದು ಕೂರಿಸಿ ಚಹಾ ತರಿಸಿದರು. ಹಿಂದಿನ ಕೋಣೆಯಲ್ಲಿ, ತುಕ್ಕು ಹಿಡಿದ ಟ್ರೆಡಲ್ ಮೆಷಿನ್ನಿನ ಪಕ್ಕ ಒಂದಿಷ್ಟು ಕಟ್ಟುಗಳಿದ್ದವು. ಹೆಚ್ಚಿನದು ಗೆದ್ದಲು ತಿಂದು ಮಣ್ಣಾಗಿತ್ತು. ಉಳಿದದ್ದರಲ್ಲಿ 1962ರಿಂದ 1964ರವರೆಗಿನ ಮೂರು ವರ್ಷ ಓದುವ ಸ್ಥಿತಿಯಲ್ಲಿತ್ತು. ಬರಬೇಕಾದ 156 ಸಂಚಿಕೆಗಳಲ್ಲಿ ಸಿಕ್ಕಿದ್ದು 118, ಅಂದರೆ 472 ಪುಟ. ಅಂಗಡಿಯ ಮುಂದಿನ ಜಗಲಿಯಲ್ಲಿ, ಬೆಳಗಿನ ಬೆಳಕಿನಲ್ಲಿ, ಫೋನಿನಲ್ಲೇ ಒಂದೊಂದು ಪುಟದ ಫೋಟೋ ತೆಗೆದೆ. ಆರು ದಿನ ಹಿಡಿಯಿತು. ಮುಟ್ಟಿದರೆ ಅಂಚು ಹಪ್ಪಳದಂತೆ ಮುರಿಯುತ್ತಿತ್ತು.

ಅದಕ್ಕೆ ಕಾರಣವಿದೆ. ನ್ಯೂಸ್‌ಪ್ರಿಂಟ್ ಎಂಬುದು ಮರವನ್ನು ಅರೆದು ಮಾಡಿದ ಅಗ್ಗದ ಕಾಗದ. ಮರದ ಲಿಗ್ನಿನ್ ಅದರಲ್ಲೇ ಉಳಿದಿರುತ್ತದೆ. ಗಾಳಿ ಬೆಳಕು ತಾಗಿದಂತೆ ಅದು ಹಳದಿಯಾಗುತ್ತದೆ, ಕಾಗದದೊಳಗಿನ ಆಮ್ಲ ನಾರನ್ನೇ ತಿನ್ನುತ್ತದೆ. ಹಿಂದಿನ ಕಾಲದಲ್ಲಿ ಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದ ಕಾಗದ ಇದಕ್ಕಿಂತ ಗಟ್ಟಿ. ಹಾಗಾಗಿ ಇನ್ನೂರು ವರ್ಷದ ಹಿಂದಿನ ಪುಸ್ತಕ ಚೆನ್ನಾಗಿದ್ದು, ಅರವತ್ತು ವರ್ಷದ ಪೇಪರು ಪುಡಿಯಾಗುವುದು ಆಶ್ಚರ್ಯವಲ್ಲ. ಅದರ ಮೇಲೆ ನಮ್ಮ ಮಲೆನಾಡಿನ ಮಳೆ ಬೇರೆ. ಈ ಕೆಲಸಕ್ಕೆ "ಮುಂದಿನ ಸಲ ನೋಡೋಣ" ಎನ್ನುವ ಸೌಕರ್ಯವಿಲ್ಲ.

ಮೆಲ್ಬರ್ನ್‌ಗೆ ಬಂದ ಮೇಲೆ ಶನಿವಾರದ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ಒಂದೊಂದೇ ಸುದ್ದಿ ಓದಿ ಹೇಳಲು ಶುರು ಮಾಡಿದೆ. ಒಂದು ಸಂಚಿಕೆಯಲ್ಲಿ ಅವರ ತವರೂರಿನ ದೇವರನ್ನು ಹೊಸ ಜಾಗಕ್ಕೆ ಸಾಗಿಸಿದ ಸುದ್ದಿ ಇತ್ತು. "ಗ್ರಾಮಸ್ಥರು ಹರ್ಷೋದ್ಗಾರದಿಂದ ಬೀಳ್ಕೊಟ್ಟರು" ಎಂದಿತ್ತು. ಅಮ್ಮ ಅಲ್ಲೇ ತಡೆದರು. "ಹರ್ಷ ಯಾರಿಗಿತ್ತು ಕಣೋ? ಯಾರೂ ಮಾತೇ ಆಡ್ತಿರಲಿಲ್ಲ. ಗಾಡಿ ಒಂದಲ್ಲ, ಮೂರು. ಅದು ತಪ್ಪು ಬರೆದಿದ್ದಾರೆ, ತಿದ್ದು." ಬರೆದದ್ದು ಬಹುಶಃ ನಮ್ಮಪ್ಪನೇ! ಗಂಡ ಹೆಂಡತಿಯ ಈ ಜಗಳವನ್ನು ನಾನು ಅರವತ್ತು ವರ್ಷದ ನಂತರ ಕೂತು ಬಗೆಹರಿಸಬೇಕಾಯಿತು.

ಇನ್ನೊಂದು ಶನಿವಾರ ಹೀಗೇ ಕೊನೆಯ ಪುಟದ ಜಾಹೀರಾತುಗಳನ್ನು ಓದುತ್ತಿದ್ದೆ. ಮುಳುಗಡೆ ಊರಿನವರು ಮನೆ ಬಿಚ್ಚಿ ಮಾರುತ್ತಿದ್ದ ಕಾಲ. "ಕಂಬ, ತೊಲೆ, ಹೆಂಚು ಮತ್ತು ಕೆತ್ತನೆಯ ಮುಂಬಾಗಿಲು ಮಾರಾಟಕ್ಕಿವೆ", ಕೆಳಗೆ ನಮ್ಮ ಅಜ್ಜಯ್ಯನ ಹೆಸರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆ ಬಾಗಿಲು ದೇವಸ್ಥಾನಕ್ಕೆ ಕೊಟ್ಟೆ ಅಂತ ಅಪ್ಪಯ್ಯ ನಂಗೆ ಹೇಳಿದ್ರು" ಅಂದರು. ಅಷ್ಟು ವರ್ಷ ಆಕೆ ಆ ಮಾತನ್ನೇ ನಂಬಿಕೊಂಡಿದ್ದಳು. ನಾನು ಓದಬಾರದಿತ್ತೇನೋ ಅನ್ನಿಸಿ ಕಸಿವಿಸಿಯಾಯಿತು. ಮಾರನೆಯ ದಿನ ಅವರೇ ಫೋನ್ ಮಾಡಿ, "ಅದರ ಫೋಟೋ ನನ್ನ ತಮ್ಮನಿಗೂ ಕಳಿಸು. ಅಪ್ಪಯ್ಯನಿಗೆ ಎಷ್ಟು ಕಷ್ಟ ಇತ್ತು ಅಂತ ಅವನಿಗೂ ತಿಳೀಲಿ" ಅಂದರು.

ನಾಲ್ಕು ಸಾಲಿನ ಜಾಹೀರಾತು. ಯಾವ ಇತಿಹಾಸಕಾರನೂ ಅದನ್ನು ಪುಸ್ತಕದಲ್ಲಿ ಸೇರಿಸುವುದಿಲ್ಲ. ಆದರೆ ನಮ್ಮ ಮನೆಯ ಮಟ್ಟಿಗೆ ಲಿಂಗನಮಕ್ಕಿ ಅಂದರೆ ಅದೇ.

ಇನ್ನು ಆಕ್ಷೇಪಣೆಗಳಿಗೆ ಬರೋಣ. ಈ ವಿಷಯವನ್ನು ನಮ್ಮ ಪಾಟ್‌ಲಕ್‌ನಲ್ಲಿ ಎತ್ತಿದಾಗ ಮೂರು ಮಾತು ಬಂದವು. ಮೂರೂ ತೂಕದ ಮಾತುಗಳೇ.

ಮೊದಲನೆಯದು, ಇದು ಸರ್ಕಾರದ ಕೆಲಸ, ನಮಗೇಕೆ ಉಸಾಬರಿ? ಒಪ್ಪಿದೆ. ಪ್ರಕಟವಾದ ಪತ್ರಿಕೆಯ ಪ್ರತಿಯನ್ನು ಸಾರ್ವಜನಿಕ ಗ್ರಂಥಾಲಯಗಳಿಗೆ ಕಳಿಸಬೇಕೆಂಬ ಕಾನೂನು ಭಾರತದಲ್ಲಿ 1950ರ ದಶಕದಿಂದಲೇ ಇದೆ. ಆದರೆ ಸಂಪಾದಕ, ಮೊಳೆ ಜೋಡಿಸುವವ, ಹಂಚುವವ ಎಲ್ಲ ಒಬ್ಬನೇ ಆಗಿದ್ದ ಪತ್ರಿಕೆಯಿಂದ ಆ ಶಿಸ್ತನ್ನು ನಿರೀಕ್ಷಿಸುವುದು ಕಷ್ಟ. ಇಲ್ಲಿ ಸರ್ಕಾರಿ ದುಡ್ಡಿನಲ್ಲಿ ನಡೆಯುವ ಟ್ರೋವ್ ಕೂಡ ಸುಲಭವಾಗಿ ಉಳಿಯಲಿಲ್ಲ. 2023ರ ಜೂನ್ ಆದ ಮೇಲೆ ನಡೆಸಲು ಹಣವಿಲ್ಲ ಎಂಬ ಸ್ಥಿತಿ ಬಂದಾಗ ಓದುಗರು ಗಲಾಟೆ ಮಾಡಿದರು. ಆಮೇಲೆ ಸರ್ಕಾರ ನಾಲ್ಕು ವರ್ಷಕ್ಕೆ 3.3 ಕೋಟಿ ಡಾಲರ್ ಕೊಟ್ಟಿತು. ಅಷ್ಟೇ ಅಲ್ಲ, ಇಲ್ಲಿಯ ಎಷ್ಟೋ ಸಣ್ಣ ಊರಿನ ಪತ್ರಿಕೆಗಳನ್ನು ಟ್ರೋವ್‌ಗೆ ಸೇರಿಸಲು ಹಣ ಕೊಟ್ಟಿದ್ದು ಆಯಾ ಊರಿನ ಕೌನ್ಸಿಲ್ಲುಗಳು, ಇತಿಹಾಸ ಸಂಘಗಳು. ನಮ್ಮ ಪಕ್ಕದ ಮನೆಯ ಅಜ್ಜ ಕೇಕು ಮಾರಿ ದುಡ್ಡು ಕೂಡಿಸಿದ್ದು ಅದಕ್ಕೇ. ಅವರು ಕೇಕು ಮಾರಬಹುದಾದರೆ ನಾವು ಬಿಸಿಬೇಳೆಬಾತ್ ಮಾರಬಾರದೇ?

ಎರಡನೆಯದು, ಕಂಪ್ಯೂಟರಿಗೆ ಏರಿಸಿದರೆ ಉಳಿಯುತ್ತದೆ ಎಂದು ಏನು ಗ್ಯಾರಂಟಿ? ಈ ಮಾತು ಹೇಳಿದವರು ನಮ್ಮ ಸಂಘದ ಹಳೆಯ ಕಾರ್ಯದರ್ಶಿಗಳು, ಅನುಭವದಿಂದಲೇ ಹೇಳಿದ್ದಾರೆ. ಇಪ್ಪತ್ತು ವರ್ಷದ ಹಿಂದಿನ ನಮ್ಮದೇ ವಾರ್ತಾಪತ್ರವನ್ನು ಈಗ ತೆರೆದರೆ ಕನ್ನಡ ಕಾಣುವುದಿಲ್ಲ, ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಆಗೆಲ್ಲ ಬರಹ, ನುಡಿ, ಶ್ರೀಲಿಪಿ ಎಂದು ಒಂದೊಂದಕ್ಕೆ ಒಂದೊಂದು ಫಾಂಟು. ಯೂನಿಕೋಡ್ ಇನ್ನೂ ರೂಢಿಗೆ ಬಂದಿರಲಿಲ್ಲ. ಭಾರತದಲ್ಲಿ ಐಐಎಸ್‌ಸಿ ಮುಂತಾದ ಸಂಸ್ಥೆಗಳು ಸೇರಿ ಕಟ್ಟಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ತಾಣವೂ ಮುಚ್ಚಿತು. ಅದರ ಸಾವಿರಾರು ಕನ್ನಡ ಪುಸ್ತಕಗಳು ಇವತ್ತು ಸಿಗುತ್ತಿರುವುದು ಇಂಟರ್ನೆಟ್ ಆರ್ಕೈವ್‌ನಲ್ಲಿ ಅವುಗಳ ಪ್ರತಿಗಳನ್ನು ಇಟ್ಟಿದ್ದರಿಂದ. ಪಾಠ ಏನು? ಒಂದೇ ಕಡೆ ಇಡಬಾರದು. ಮೂರು ಪ್ರತಿ, ಬೇರೆ ಬೇರೆ ಜಾಗದಲ್ಲಿ. ಅಕ್ಷರವೆಲ್ಲ ಯೂನಿಕೋಡ್‌ನಲ್ಲಿ.

ಹಾಗೆಯೇ, ಸ್ಕ್ಯಾನ್ ಆಯಿತೆಂದು ಮೂಲವನ್ನು ಎಸೆಯಲೂ ಬಾರದು. ಅಮೆರಿಕದ ಗ್ರಂಥಾಲಯಗಳು ಮೈಕ್ರೋಫಿಲ್ಮ್ ಮಾಡಿಕೊಂಡು ಮೂಲ ಪತ್ರಿಕೆಗಳನ್ನು ವಿಲೇವಾರಿ ಮಾಡಿದವು. ಆಮೇಲೆ ನೋಡಿದರೆ ಎಷ್ಟೋ ಫಿಲ್ಮು ಮಸುಕು, ಬಣ್ಣದ ಪುಟಗಳೆಲ್ಲ ಕಪ್ಪು ಬಿಳುಪು. ನಿಕಲ್ಸನ್ ಬೇಕರ್ ಎಂಬ ಕಾದಂಬರಿಕಾರ 2001ರಲ್ಲಿ 'ಡಬಲ್ ಫೋಲ್ಡ್' ಎಂಬ ಪುಸ್ತಕ ಬರೆದು ಇದನ್ನು ಬಯಲಿಗೆಳೆದ. ಬರೆದದ್ದಷ್ಟೇ ಅಲ್ಲ, ಬ್ರಿಟಿಷ್ ಲೈಬ್ರರಿ ಮಾರುತ್ತಿದ್ದ ಅಮೆರಿಕದ ಹಳೆಯ ಪತ್ರಿಕೆಗಳನ್ನು ಕೈಯಿಂದ ದುಡ್ಡು ಹಾಕಿ ಕೊಂಡ. ಅವು ಈಗ ಡ್ಯೂಕ್ ವಿಶ್ವವಿದ್ಯಾಲಯದಲ್ಲಿವೆ. ರದ್ದಿಗೆ ಹಾಕುವವರೂ ಮನುಷ್ಯರೇ, ರದ್ದಿಯಿಂದ ಎತ್ತಿಕೊಳ್ಳುವವರೂ ಮನುಷ್ಯರೇ. ನಾನು ಒಂದು ಸಲ ಮೊದಲನೆಯವನಾಗಿದ್ದೆ.

ಮೂರನೆಯ ಆಕ್ಷೇಪಣೆ ನನ್ನ ಹೆಂಡತಿಯದೇ. "ಆ ಪತ್ರಿಕೆಗಳಲ್ಲಿ ಜಾತಿ ಜಗಳ, ಯಾರದೋ ಮನೆಯ ಮಾನ ಮರ್ಯಾದೆ ಎಲ್ಲ ಇರುತ್ತಲ್ಲ, ಅದನ್ನೆಲ್ಲ ಊರ ಮುಂದೆ ಇಡಬೇಕಾ?" ನಿಜ. 472 ಪುಟಗಳಲ್ಲಿ ಓದಿ ನಾಚಿಕೆಪಟ್ಟದ್ದೂ ಇದೆ. ಕೆಲವು ಜನರನ್ನು ಹೆಸರು ಹಿಡಿದು ಗೌರವಿಸುತ್ತಿದ್ದ ಪತ್ರಿಕೆ, ಇನ್ನು ಕೆಲವರನ್ನು ಜಾತಿಯ ಹೆಸರಿನಿಂದ ಮಾತ್ರ ಕರೆಯುತ್ತಿತ್ತು. ಅಳಿಸಿಬಿಟ್ಟರೆ ಅಂಥದ್ದು ನಡೆದೇ ಇರಲಿಲ್ಲ ಎಂದಾಗುತ್ತದೆ. ಅನುಭವಿಸಿದವರ ಮನೆಯವರಿಗೆ ಅದೇ ಸಾಕ್ಷಿ. ಆದ್ದರಿಂದ ಏನನ್ನೂ ಕತ್ತರಿಸಬಾರದು ಎಂಬುದು ನನ್ನ ಅಭಿಪ್ರಾಯ. ಎಲ್ಲರಿಗೂ ತೆರೆದಿಡುವಾಗ ಮಾತ್ರ ಒಂದು ಗೆರೆ ಎಳೆಯೋಣ. ಭಾರತದ ಕಾಪಿರೈಟ್ ಕಾನೂನಿನಲ್ಲಿ ಹೆಸರಿಲ್ಲದ ಬರಹಕ್ಕೆ ಪ್ರಕಟವಾದ ನಂತರ 60 ವರ್ಷದ ಹಕ್ಕು, ಹೆಸರಿರುವ ಬರಹಕ್ಕೆ ಲೇಖಕರು ತೀರಿಕೊಂಡ ನಂತರ 60 ವರ್ಷ. ಹಕ್ಕು ಮುಗಿದದ್ದನ್ನು ತೆರೆದಿಟ್ಟು, ಉಳಿದದ್ದನ್ನು ಆ ಪತ್ರಿಕೆಯ ಮನೆಯವರ ಒಪ್ಪಿಗೆ ಬರುವವರೆಗೆ ಸ್ಕ್ಯಾನ್ ಮಾಡಿ ಭದ್ರವಾಗಿಟ್ಟರಾಯಿತು.

ಹಾಗಾದರೆ ಕೆಲಸ ಎಷ್ಟು ದೊಡ್ಡದು? ಲೆಕ್ಕ ಹಾಕಿದ್ದೇನೆ. ವಾರಕ್ಕೆ ನಾಲ್ಕು ಪುಟದ ಪತ್ರಿಕೆ ಇಪ್ಪತ್ತು ವರ್ಷ ನಡೆದರೆ 4160 ಪುಟ. ಒಂದು ಪುಟವನ್ನು ಒಳ್ಳೆಯ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 30 ಮೆಗಾಬೈಟ್. ಒಟ್ಟು 125 ಗಿಗಾಬೈಟ್. ಒಂದು ಊರಿನ ಇಪ್ಪತ್ತು ವರ್ಷ ನಿಮ್ಮ ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ! ಒಂದು ಪುಸ್ತಕ ಸ್ಕ್ಯಾನರ್, ಊರಿನಲ್ಲಿ ಒಬ್ಬ ಕಾಲೇಜು ಹುಡುಗನಿಗೋ ಹುಡುಗಿಗೋ ಆರು ತಿಂಗಳ ಸಂಬಳ, ಇಷ್ಟು ಸಾಕು. ಗಾಯಕರೊಬ್ಬರ ವಿಮಾನದ ಟಿಕೆಟ್ಟು, ಹೋಟೆಲು, ಸಂಭಾವನೆಗಿಂತ ಇದು ಹೆಚ್ಚಾಗದು.

ಕಷ್ಟವಿರುವುದು ಅಕ್ಷರ ಓದಿಸುವಲ್ಲಿ. ಚಿತ್ರವಾಗಿ ಇಟ್ಟರೆ ಹುಡುಕಲಾಗದು. ಅಕ್ಷರವಾದರೆ ಮಾತ್ರ ಅಜ್ಜಯ್ಯನ ಹೆಸರು ಹೊಡೆದಾಗ ಅಜ್ಜಯ್ಯ ಸಿಗುವುದು. ಕನ್ನಡ ಓದುವ ತಂತ್ರಾಂಶಗಳು ಈಗ ಚೆನ್ನಾಗಿಯೇ ಇವೆ. ಗೂಗಲ್ ಡ್ರೈವ್‌ನಲ್ಲೂ ಆ ಸೌಲಭ್ಯ ಇದೆ. ಆದರೆ ಸವೆದ ಮೊಳೆಯ ಅಚ್ಚಿನಲ್ಲಿ ಪ ಮತ್ತು ವ, ಒತ್ತಕ್ಷರಗಳು ಅದಕ್ಕೆ ಗೊಂದಲ. ಹಳೆಯ ಅಚ್ಚಿನಲ್ಲಿ 'ಸೂರ್ಯ' ಎಂಬುದನ್ನು 'ಸೂಯ೯' ಎಂದು ಅರ್ಕಾವತ್ತು ಹಾಕಿ ಜೋಡಿಸುತ್ತಿದ್ದರಲ್ಲ, ಕಂಪ್ಯೂಟರ್ ಅದನ್ನು ಒಂಬತ್ತು ಎಂದು ಓದುತ್ತದೆ. ಅದನ್ನು ತಿದ್ದಲು ಕಣ್ಣು ಬೇಕು, ಕನ್ನಡ ಬೇಕು, ಪುರುಸೊತ್ತು ಬೇಕು.

ಈ ಮೂರೂ ಇರುವವರು ನಮ್ಮ ಮನೆಗಳಲ್ಲೇ ಇದ್ದಾರೆ! ಆರು ತಿಂಗಳ ವೀಸಾದ ಮೇಲೆ ಬಂದು, ನಾವು ಕೆಲಸಕ್ಕೆ, ಮಕ್ಕಳು ಸ್ಕೂಲಿಗೆ ಹೋದ ಮೇಲೆ ಕಿಟಕಿಯಲ್ಲಿ ಖಾಲಿ ರಸ್ತೆ ನೋಡುತ್ತ ಕೂರುವ ನಮ್ಮ ಅಪ್ಪ, ಅಮ್ಮ, ಅತ್ತೆ, ಮಾವ. ಟ್ರೋವ್‌ನಲ್ಲಿ 2008ರಿಂದಲೂ ಓದುಗರೇ ಮನೆಯಲ್ಲಿ ಕೂತು ತಪ್ಪು ಅಕ್ಷರಗಳನ್ನು ತಿದ್ದುತ್ತಿದ್ದಾರೆ. ಕನ್ನಡ ವಿಕಿಸೋರ್ಸ್‌ನಲ್ಲೂ ಪುಟದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ತಿದ್ದುವ ವ್ಯವಸ್ಥೆ ಇದೆ. ಅವರಿಗೆ ಹೊತ್ತು ಹೋಗುತ್ತದೆ. "ಈ ಅಂಗಡಿ ಎಲ್ಲಿತ್ತು, ಈ ಮನುಷ್ಯ ಯಾರು" ಎಂದು ಅವರು ಹೇಳುವ ಕಥೆಯನ್ನು ಮೊಮ್ಮಕ್ಕಳು ಫೋನಿನಲ್ಲಿ ರೆಕಾರ್ಡ್ ಮಾಡಲಿ. ಮಕ್ಕಳಿಗೆ ಕನ್ನಡ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ?

ಕೊನೆಯದಾಗಿ, ನಮ್ಮದೇ ಕೂಟದ ವಿಷಯ. 1980ರ ದಶಕದಲ್ಲಿ ಶಿಕಾರಿಪುರ ಹರಿಹರೇಶ್ವರ ದಂಪತಿಗಳು ಅಮೆರಿಕದಲ್ಲಿ ಕೂತು 'ಅಮೆರಿಕನ್ನಡ' ಪತ್ರಿಕೆ ನಡೆಸಿದರು. ಎಲ್ಲ ದೇಶಗಳ ಕನ್ನಡ ಕೂಟಗಳೂ ಟೈಪು ಮಾಡಿ, ಕೈಯಲ್ಲಿ ಬರೆದು, ಜೆರಾಕ್ಸ್ ತೆಗೆದು ಹಂಚಿದ ಹಾಳೆಗಳಿವೆ. ನಾವು ಈ ದೇಶಕ್ಕೆ ಬಂದು ಏನು ತಿಂದೆವು, ಯಾವುದಕ್ಕೆ ಜಗಳವಾಡಿದೆವು, ಮೊದಲ ಗಣೇಶನನ್ನು ಯಾರ ಗ್ಯಾರೇಜಿನಲ್ಲಿ ಕೂರಿಸಿದೆವು ಎಂಬುದು ಇರುವುದು ಅವುಗಳಲ್ಲಿ ಮಾತ್ರ. ಅವು ಈಗ ಯಾರ ಗ್ಯಾರೇಜಿನಲ್ಲಿವೆ?

ಹಾಗಾಗಿ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಾನು ಇಡುವ ಸೂಚನೆ ಇಷ್ಟು: ಉಳಿದ ಹಣದ ಅರ್ಧವನ್ನು ಒಂದು ತಾಲ್ಲೂಕಿನ ಒಂದು ಪತ್ರಿಕೆಗೆ ಮೀಸಲಿಡೋಣ. ಸಾಗರವೇ ಆಗಬೇಕೆಂದಿಲ್ಲ, ಯಾವ ಊರಿನ ಕಟ್ಟು ಮೊದಲು ಸಿಗುತ್ತದೋ ಆ ಊರಿನದು. ಇನ್ನರ್ಧದಲ್ಲಿ ಗಾಯಕರೂ ಬರಲಿ, ಊಟವೂ ಸುಧಾರಿಸಲಿ. ಈ ಸಲ ರಜೆಗೆ ಊರಿಗೆ ಹೊರಟವರು ಒಂದು ಮಧ್ಯಾಹ್ನ ಅಟ್ಟ ಹತ್ತಿ ನೋಡಿ. ರದ್ದಿಯವನನ್ನು ಕರೆಯುವ ಮೊದಲು ಒಂದು ಕಟ್ಟನ್ನಾದರೂ ಬಿಚ್ಚಿ.

ಅಮ್ಮನಿಗೆ ಈಗ 86. ಕೆಲವು ಶನಿವಾರ ಎಲ್ಲ ನೆನಪಿರುತ್ತದೆ, ಕೆಲವು ಶನಿವಾರ ನನ್ನ ಹೆಸರೂ ತಡವಾಗಿ ಬರುತ್ತದೆ. ಓದಿ ಹೇಳಲು ಇನ್ನೂ ಇನ್ನೂರು ಪುಟ ಬಾಕಿ ಇದೆ. ತಪ್ಪಿದ್ದರೆ ತಿದ್ದುವವರು ಅವರೊಬ್ಬರೇ.

ಏನಂತೀರಿ? ಸಭೆಯಲ್ಲಿ ಸಿಗೋಣ.

ನಿಮ್ಮವನೇ ಆದ,
ಒಬ್ಬ ಸದಸ್ಯ, ಮೆಲ್ಬರ್ನ್